ಮೋಟಾರಿನ ಮುಂದೀಪ: ತಂತುವಿನ ಜಾಗದಲ್ಲಿ ಎಲ್.ಇ.ಡಿ.

ರಾತ್ರಿಯ ಹೊತ್ತು ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರೆಲ್ಲರಿಗೂ ಒಂದು ಅನುಭವವು ಪರಿಚಿತವಾಗಿರುತ್ತದೆ. ದೂರದಲ್ಲಿ ಎರಡು ಬಿಳಿಯ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಕೆಲವು ಕ್ಷಣಗಳಲ್ಲಿ ಅವು ಎರಡು ಸೂರ್ಯರಂತೆ ಬೆಳೆದು ಎದುರಿಗೆ ಬರುತ್ತವೆ. ರಸ್ತೆಯೂ ಅದರ ಅಂಚೂ ಅಂಚಿನಲ್ಲಿ ನಡೆಯುವವರೂ ಆ ಬೆಳಕಿನಲ್ಲಿ ಕರಗಿಹೋಗುತ್ತಾರೆ. ವಾಹನವು ದಾಟಿಹೋದ ಮೇಲೂ ಒಂದೆರಡು ಸೆಕೆಂಡುಗಳ ಕಾಲ ಕಣ್ಣಿಗೆ ಕತ್ತಲೆಯಲ್ಲದೆ ಬೇರೇನೂ ತೋರುವುದಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಚಲಿಸುತ್ತದೆ. ಎರಡು ಸೆಕೆಂಡು ಕಣ್ಣು ಕಾಣದಿದ್ದರೆ ಮೂವತ್ತಮೂರು ಮೀಟರು ದೂರವನ್ನು ಚಾಲಕನು ಕುರುಡನಾಗಿಯೇ ಕ್ರಮಿಸಿದಂತಾಯಿತು.

ಈ ವಿಷಯವನ್ನು ನಾವು ಪರರ ಮೇಲಿನ ದೂರಾಗಿ ಬರೆಯುತ್ತಿಲ್ಲ. ನಮ್ಮ ಬಳಿ ಒಂದು ಹಳೆಯ ಕಾರಿದೆ. ಅದರ ಹ್ಯಾಲೋಜನ್ ದೀಪಗಳ ಮಂದವಾದ ಹಳದಿ ಬೆಳಕಿನಿಂದ ಬೇಸತ್ತು, ಪೇಟೆಯಲ್ಲಿ ದೊರೆಯುವ ಒಂದು ಜೊತೆ ಎಲ್.ಇ.ಡಿ. ಬಲ್ಬುಗಳನ್ನು ಕೊಂಡು ತಂದು ನಾವೇ ಹಾಕಿದೆವು. ಕೆಲಸ ಹತ್ತು ನಿಮಿಷದ್ದು; ಹಳೆಯ ಬಲ್ಬನ್ನು ತೆಗೆದ ಕುಳಿಯಲ್ಲೇ ಹೊಸದು ಸಲೀಸಾಗಿ ಕೂರುತ್ತದೆ. ಮನೆಯ ಮುಂದಿನ ರಸ್ತೆ ಹಗಲಿನಂತೆ ಬೆಳಗಿತು. ಭೌತಶಾಸ್ತ್ರವನ್ನು ಪಾಠ ಹೇಳುವವರಾದ ನಮಗೂ ಆಗ ಸಂತೋಷವೇ ಆಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಒಂದು ವಾರದ ತರುವಾಯ ಹಾಸನ ಜಿಲ್ಲೆಯ ಒಂದು ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬಂದ ಬಸ್ಸು ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೊರಳಿ ನಿಂತುಬಿಟ್ಟಿತು. ಚಾಲಕರು ಕೆಳಗಿಳಿದು ಬಂದು, “ಡಿಮ್ ಮಾಡಿ ಅಂತ ಎಷ್ಟು ಸಲ ಲೈಟ್ ಹಾಕಿದೆ ಸಾರ್, ಸೈಕಲ್ಲಿನವನು ಕಾಣಿಸಲೇ ಇಲ್ಲವಲ್ಲ!” ಎಂದರು. ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಒಬ್ಬ ಹುಡುಗನು ಬಸ್ಸಿನಿಂದ ಒಂದು ಮೊಳ ದೂರದಲ್ಲಿ, ಮಣ್ಣಿನ ಅಂಚಿನ ಮೇಲೆ ಸೈಕಲ್ಲನ್ನು ಹಿಡಿದುಕೊಂಡು ನಡುಗುತ್ತ ನಿಂತಿದ್ದನು. ನಮ್ಮ ದೀಪವು ಆಗ ಡಿಮ್ ಸ್ಥಿತಿಯಲ್ಲಿಯೇ ಇತ್ತು. ಹಾಗಾದರೆ ತಪ್ಪು ಎಲ್ಲಿ ಸಂಭವಿಸಿತು? ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆಯೇ ಇದು.

ಮೊದಲು ಒಂದು ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳೋಣ. ಮುಂದೀಪವೆಂದರೆ ಬಲ್ಬಲ್ಲ. ಬಲ್ಬು, ಅದರ ಹಿಂದಿನ ಪ್ರತಿಫಲಕ, ಮುಂದಿನ ಗಾಜು ಅಥವಾ ಪಾರದರ್ಶಕ ಮುಚ್ಚಳ—ಈ ಮೂರೂ ಸೇರಿ ಒಂದು ದೃಗುಪಕರಣವಾಗುತ್ತದೆ. ದೂರದರ್ಶಕದಿಂದ ಒಂದು ಮಸೂರವನ್ನು ತೆಗೆದು ಅದೇ ಅಳತೆಯ ಬೇರೊಂದು ಮಸೂರವನ್ನು ಸಿಕ್ಕಿಸಿದರೆ ಏನಾದೀತೆಂದು ವಿದ್ಯಾರ್ಥಿಗಳು ಊಹಿಸಬಲ್ಲರು. ಕೊಳವೆಯೊಳಗೆ ಅದು ಸರಿಯಾಗಿ ಕೂತೀತು. ಆದರೆ ಚಂದ್ರನು ಮಸುಕಾಗಿಯೇ ಕಂಡಾನು.

ಪ್ರತಿಫಲಕದ ಮೂಲರೂಪ ಪರವಲಯಾಕಾರದ ಕನ್ನಡಿ. ಪರವಲಯದ ನಾಭಿಯಲ್ಲಿ ಬೆಳಕಿನ ಒಂದು ಬಿಂದುವನ್ನಿಟ್ಟರೆ, ಕನ್ನಡಿಯ ಯಾವ ಭಾಗದ ಮೇಲೆ ಬಿದ್ದ ಕಿರಣವಾದರೂ ಅಕ್ಷಕ್ಕೆ ಸಮಾಂತರವಾಗಿ ಹಿಂದಿರುಗುತ್ತದೆ. ಇದು ಪಠ್ಯಪುಸ್ತಕಗಳಲ್ಲೆಲ್ಲ ಇರುವ ಮಾತು. ಆದರೆ ಬೆಳಕಿನ ಬಿಂದುವು ನಾಭಿಯಿಂದ ಕೊಂಚ ಸರಿದಾಗ ಆಗುವುದೇನೆಂಬುದನ್ನು ಪುಸ್ತಕಗಳು ಅಷ್ಟಾಗಿ ಚರ್ಚಿಸುವುದಿಲ್ಲ. ಮೋಟಾರಿನ ದೀಪಕ್ಕೆ ಮುಖ್ಯವಾದುದು ಅದೇ. ಬಿಂದುವು ಅಕ್ಷದ ಮೇಲೆಯೇ ನಾಭಿಗಿಂತ ತುಸು ಮುಂದಕ್ಕೆ, ಅಂದರೆ ಕನ್ನಡಿಯಿಂದ ದೂರಕ್ಕೆ, ಸರಿದರೆ ಪ್ರತಿಫಲಿತ ಕಿರಣಗಳು ಅಕ್ಷದ ಕಡೆಗೆ ಬಾಗುತ್ತವೆ. ಕನ್ನಡಿಯ ಮೇಲರ್ಧದಿಂದ ಬಂದವು ಕೆಳಮುಖವಾಗುತ್ತವೆ; ಕೆಳಗಿನ ಅರ್ಧದಿಂದ ಬಂದವು ಮೇಲ್ಮುಖವಾಗುತ್ತವೆ. ಈ ಸರಳವಾದ ಸಂಗತಿಯನ್ನು ಆಧರಿಸಿಯೇ ಡಿಮ್ ಬೆಳಕನ್ನು ರಚಿಸಿದ್ದಾರೆ.

ನಮ್ಮ ದೇಶದ ಅಸಂಖ್ಯಾತ ಕಾರುಗಳಲ್ಲಿರುವ ಹ್ಯಾಲೋಜನ್ ಬಲ್ಬಿನ ಜಾತಿಗೆ ಎಚ್4 ಎಂದು ಹೆಸರು. ಇದು 1971ರಲ್ಲಿ ಬಳಕೆಗೆ ಬಂದುದು. ಅದರ ಗಾಜಿನ ಬುರುಡೆಯನ್ನು ಹಗಲಿನಲ್ಲಿ ಪರೀಕ್ಷಿಸಿ ನೋಡಿದರೆ ಎರಡು ತಂತುಗಳು ಕಾಣುತ್ತವೆ. ಹೈಬೀಮಿನ ತಂತು ನಾಭಿಯ ನೆರೆಯಲ್ಲಿರುತ್ತದೆ. ಅದನ್ನು ಉರಿಸಿದರೆ ಕನ್ನಡಿಯ ಎಲ್ಲ ಭಾಗವೂ ಬೆಳಗಿ ಬೆಳಕು ನೇರವಾಗಿ ದೂರಕ್ಕೆ ಹೋಗುತ್ತದೆ. ಡಿಮ್ಮಿನ ತಂತುವನ್ನು ನಾಭಿಗಿಂತ ಮುಂದೆ ನಿಲ್ಲಿಸಿ, ಅದರ ಕೆಳಗಡೆ ಒಂದು ಪುಟ್ಟ ಲೋಹದ ದೊನ್ನೆಯನ್ನು ಹಿಡಿದಿದ್ದಾರೆ. ಮೇಲ್ಮುಖವಾಗಿ ಹೋಗಬಹುದಾಗಿದ್ದ ಕಿರಣಗಳು ಕನ್ನಡಿಯ ಕೆಳಭಾಗವನ್ನು ಮುಟ್ಟುವ ಮೊದಲೇ ಈ ದೊನ್ನೆ ಅವುಗಳನ್ನು ತಡೆದುಬಿಡುತ್ತದೆ. ಉಳಿದುದು ಮೇಲರ್ಧದಿಂದ ಬಂದ, ರಸ್ತೆಯ ಮೇಲಕ್ಕೆ ಬಾಗಿದ ಬೆಳಕು ಮಾತ್ರ. ದೊನ್ನೆಯ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಇದರಿಂದ ರಸ್ತೆಯ ಎಡಬದಿಯಲ್ಲಿ, ಪಾದಚಾರಿಗಳೂ ಮೈಲಿಗಲ್ಲುಗಳೂ ಇರುವ ಕಡೆ, ಬೆಳಕು ಸ್ವಲ್ಪ ಮೇಲಕ್ಕೇರುತ್ತದೆ. ಎದುರಿನ ವಾಹನ ಬರುವ ಬಲಬದಿಯಲ್ಲಿ ತಗ್ಗಿಯೇ ಇರುತ್ತದೆ. ಬಲಬದಿಯಲ್ಲಿ ಸಂಚರಿಸುವ ದೇಶಗಳಲ್ಲಿ ಈ ಏರ್ಪಾಡು ತಿರುಗುಮುರುಗು.

ಹೀಗೆ ಉಂಟಾಗುವ ಬೆಳಕು ಮತ್ತು ಕತ್ತಲೆಯ ಗಡಿಯನ್ನು ನಾವು ‘ಕಡಿತರೇಖೆ’ ಎಂದು ಕರೆಯೋಣ. ಐರೋಪ್ಯ ನಿಯಮಗಳ ಪ್ರಕಾರ ದೀಪದಿಂದ 25 ಮೀಟರು ದೂರದ ಪರದೆಯ ಮೇಲೆ ಈ ರೇಖೆಯನ್ನು ಪರೀಕ್ಷಿಸುತ್ತಾರೆ. ಎದುರಿನ ಚಾಲಕನ ಕಣ್ಣಿರಬಹುದಾದ ಜಾಗದಲ್ಲಿ ಬೆಳಕು ಅರ್ಧ ಲಕ್ಸಿನ ಆಸುಪಾಸಿಗಿಂತ ಹೆಚ್ಚಿರಕೂಡದು. ಅಲ್ಲಿಂದ ಕೇವಲ ಒಂದು ಡಿಗ್ರಿಯಷ್ಟು ಕೆಳಗೆ, ರಸ್ತೆಯ ನಮ್ಮ ಬದಿಯಲ್ಲಿ, ಹತ್ತು ಲಕ್ಸಿಗಿಂತಲೂ ಹೆಚ್ಚಿರಬೇಕು. ಒಂದು ಡಿಗ್ರಿಯ ಅಂತರದಲ್ಲಿ ಇಪ್ಪತ್ತು ಪಾಲಿನ ವ್ಯತ್ಯಾಸ! ಸಾಮಾನ್ಯ ತಗಡಿನ ಕನ್ನಡಿಯಂತೆ ಕಾಣುವ ಈ ವಸ್ತುವು ಎಷ್ಟು ಸೂಕ್ಷ್ಮವಾದ ಕೆಲಸವನ್ನು ನಿರ್ವಹಿಸುತ್ತಿದೆಯೆಂಬುದು ಇದರಿಂದ ತಿಳಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಪ್ರತಿಫಲಕದ ನಾಭಿದೂರ 25 ಮಿಲಿಮೀಟರು ಎಂದು ಭಾವಿಸೋಣ. ಬೆಳಕಿನ ಬಿಂದುವು ಇರಬೇಕಾದ ಸ್ಥಾನದಿಂದ ಒಂದೇ ಒಂದು ಮಿಲಿಮೀಟರು ಕೆಳಕ್ಕೆ ಜರುಗಿತೆನ್ನೋಣ. ಕನ್ನಡಿಯ ನಡುಭಾಗದಿಂದ ಪ್ರತಿಫಲಿಸಿದ ಬೆಳಕು ಇಪ್ಪತ್ತೈದರಲ್ಲಿ ಒಂದು ರೇಡಿಯನ್, ಅಂದರೆ 2.3 ಡಿಗ್ರಿಯಷ್ಟು, ಮೇಲಕ್ಕೆ ತಿರುಗುತ್ತದೆ. ಅಂಚಿನ ಭಾಗಗಳು ನಾಭಿಯಿಂದ ಹೆಚ್ಚು ದೂರದಲ್ಲಿರುವುದರಿಂದ ಅಲ್ಲಿ ಈ ಕೋನ ಕಡಿಮೆಯಾಗಿರುತ್ತದೆ. ಆ ತೊಡಕನ್ನು ಸದ್ಯಕ್ಕೆ ಬದಿಗಿಡೋಣ. ಮೂವತ್ತು ಮೀಟರು ಮುಂದೆ ಈ ತಿರುವು 1.2 ಮೀಟರಿನ ಏರಿಕೆಯಾಗಿ ಪರಿಣಮಿಸುತ್ತದೆ. ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿರುವ ದೀಪವನ್ನು ನೂರಕ್ಕೆ ಒಂದರಷ್ಟು ಇಳಿಜಾರಾಗಿ ಹೊಂದಿಸಿದ್ದರೆ ಕಡಿತರೇಖೆಯು ಅಷ್ಟು ದೂರದಲ್ಲಿ 35 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಎಂದರೆ ಎದುರಿನ ಕಾರಿನ ಬಂಪರಿಗೂ ಕೆಳಗೆ. ಅದಕ್ಕೆ 1.2 ಮೀಟರನ್ನು ಕೂಡಿಸಿದರೆ 1.55 ಮೀಟರಾಯಿತು. ಕಾರು ನಡೆಸುವವನ ಕಣ್ಣು ನೆಲದಿಂದ ಒಂದು ಮೀಟರಿಗಿಂತ ತುಸು ಮೇಲಿರುತ್ತದೆ. ಸೂಜಿಯ ದಪ್ಪದಷ್ಟು ಜರುಗಿದ ಬೆಳಕು ಬಂಪರನ್ನು ಬಿಟ್ಟು ನೇರವಾಗಿ ಕಣ್ಣಿಗೆ ಹೊಡೆಯುತ್ತದೆಯೆಂದಾಯಿತು.

ಹ್ಯಾಲೋಜನ್ ಬಲ್ಬಿನ ತಯಾರಕರು ತಂತುವಿನ ಸ್ಥಾನವನ್ನು ಮಿಲಿಮೀಟರಿನ ಅಲ್ಪಾಂಶಗಳವರೆಗೆ ಲೆಕ್ಕವಿಟ್ಟು ಕೂರಿಸುವುದು ಈ ಕಾರಣದಿಂದಲೇ. ಪ್ರತಿಫಲಕವನ್ನು ರೂಪಿಸುವವರು ಆ ತಂತುವಿನ ಉದ್ದ, ದಪ್ಪ, ನೆಲೆ ಇವುಗಳನ್ನು ಮುಂದಿಟ್ಟುಕೊಂಡೇ ಕನ್ನಡಿಯ ಒಂದೊಂದು ಮುಖವನ್ನೂ ಬಾಗಿಸಿರುತ್ತಾರೆ. ಇಂದಿನ ಕಾರುಗಳ ಪ್ರತಿಫಲಕವು ಶುದ್ಧ ಪರವಲಯವಲ್ಲ. ಅನೇಕ ಮುಖಗಳನ್ನು ಜೋಡಿಸಿದ ಸಂಕೀರ್ಣ ಮೈ. ಹಾಗಿದ್ದರೂ ಪ್ರತಿಯೊಂದು ಮುಖವೂ ತಂತುವು ಇಂಥ ಕಡೆಯೇ ಇದೆಯೆಂಬ ನಂಬಿಕೆಯಿಂದಲೇ ತನ್ನ ಕೆಲಸವನ್ನು ಮಾಡುತ್ತದೆ.

ತಂತುವಿನ ವಿಷಯವಾಗಿ ಎರಡು ಮಾತು ಹೇಳಬೇಕು. ಎಚ್4 ಬಲ್ಬಿನ ಡಿಮ್ ತಂತು ಸುಮಾರು 5 ಮಿಲಿಮೀಟರು ಉದ್ದದ ಟಂಗ್‌ಸ್ಟನ್ ಸುರುಳಿ. ಅದು 3200 ಕೆಲ್ವಿನ್‌ನಷ್ಟು ಉಷ್ಣತೆಗೆ ಕಾಯುತ್ತದೆ. ಟಂಗ್‌ಸ್ಟನ್ ಕರಗುವ ಉಷ್ಣತೆ 3695 ಕೆಲ್ವಿನ್. ಇಷ್ಟು ಕಾದ ಲೋಹವು ಮೆಲ್ಲಮೆಲ್ಲನೆ ಆವಿಯಾಗಿ ಗಾಜಿನ ಒಳಮೈಯನ್ನು ಕಪ್ಪಾಗಿಸುತ್ತದೆ. 1959ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ ಎಂಬವರಿಗೆ ಪೇಟೆಂಟ್ ದೊರೆತ ಉಪಾಯವೇ ಹ್ಯಾಲೋಜನ್ ದೀಪದ ಅಡಿಗಲ್ಲು. ಬುರುಡೆಯೊಳಗೆ ಒಂದಿಷ್ಟು ಅಯೊಡೀನನ್ನು ಸೇರಿಸಿದರೆ ಅದು ಆವಿಯಾದ ಟಂಗ್‌ಸ್ಟನ್ನಿನೊಡನೆ ಕೂಡಿಕೊಂಡು, ಬಿಸಿಯಾದ ತಂತುವಿನ ಬಳಿಗೆ ಬಂದಾಗ ಮತ್ತೆ ಬೇರ್ಪಟ್ಟು, ಲೋಹವನ್ನು ತಂತುವಿನ ನೆರೆಗೇ ಹಿಂದಿರುಗಿಸುತ್ತದೆ. ಈ ಚಕ್ರ ನಡೆಯಬೇಕಾದರೆ ಗಾಜಿನ ಗೋಡೆಯೂ 250 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾಗಿರಬೇಕು. ಬುರುಡೆಯು ಅಷ್ಟು ಚಿಕ್ಕದಾಗಿರುವುದೂ ಸ್ಫಟಿಕಶಿಲೆಯ ಗಾಜನ್ನು ಬಳಸುವುದೂ ಅದಕ್ಕಾಗಿಯೇ.

ವೀನನ ನಿಯಮದಂತೆ 3200 ಕೆಲ್ವಿನ್ ಉಷ್ಣತೆಯ ವಸ್ತುವು ಅತ್ಯಂತ ತೀವ್ರವಾಗಿ ಹೊಮ್ಮಿಸುವ ವಿಕಿರಣದ ಅಲೆಯುದ್ದ ಸುಮಾರು 900 ನ್ಯಾನೋಮೀಟರು. ಇದು ಕಣ್ಣಿಗೆ ಕಾಣದ ಅತಿರಕ್ತ ಪ್ರದೇಶ. ಆದುದರಿಂದ ಹ್ಯಾಲೋಜನ್ ದೀಪಕ್ಕೆ ಕೊಟ್ಟ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಮಾತ್ರ ಬೆಳಕಾಗುತ್ತದೆ, ಮಿಕ್ಕುದು ಶಾಖವೇ. ಇದನ್ನು ದೀಪವೆನ್ನುವುದಕ್ಕಿಂತ ಬೆಳಕನ್ನೂ ಕೊಡುವ ಒಲೆಯೆಂದರೆ ಅತಿಶಯೋಕ್ತಿಯಲ್ಲ.

ಎಲ್.ಇ.ಡಿ.ಯ ರೀತಿಯೇ ಬೇರೆ. ಅಲ್ಲಿ ಕಾಯುವ ತಂತುವಿಲ್ಲ. ಗ್ಯಾಲಿಯಮ್ ನೈಟ್ರೈಡ್ ಮೊದಲಾದ ಅರೆವಾಹಕಗಳ ಎರಡು ಪದರಗಳು ಕೂಡುವ ಸಂಧಿಯಲ್ಲಿ ಎಲೆಕ್ಟ್ರಾನುಗಳು ‘ರಂಧ್ರ’ಗಳೊಳಗೆ ಬಿದ್ದಾಗ ಕಳೆದುಕೊಳ್ಳುವ ಶಕ್ತಿಯು ನೇರವಾಗಿ ಬೆಳಕಾಗಿ ಹೊರಬೀಳುತ್ತದೆ. ಸುಮಾರು 2.75 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಈ ಬೆಳಕು 450 ನ್ಯಾನೋಮೀಟರು ಅಲೆಯುದ್ದದ ನೀಲಿ. ಅದರ ಮೇಲೆ ಬಳಿದಿರುವ ಫಾಸ್ಫರ್ ಪುಡಿಯು ನೀಲಿಯ ಒಂದು ಭಾಗವನ್ನು ಹೀರಿ ಹಳದಿಯಾಗಿ ಹೊಮ್ಮಿಸುತ್ತದೆ. ನೀಲಿ ಹಳದಿಗಳು ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತವೆ. ಪ್ರಕಾಶಮಾನವಾದ ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ್ದಕ್ಕಾಗಿ ಜಪಾನಿನಲ್ಲಿ ಜನಿಸಿದ ಮೂವರು ವಿಜ್ಞಾನಿಗಳಿಗೆ—ಅಕಸಾಕಿ, ಅಮಾನೊ, ನಕಮುರ—2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 2007ರಲ್ಲಿ ಲೆಕ್ಸಸ್ ಎಲ್‌ಎಸ್ 600ಎಚ್ ಎಂಬ ಕಾರು ಡಿಮ್ ಬೆಳಕಿಗೆ ಎಲ್.ಇ.ಡಿ.ಯನ್ನು ಅಳವಡಿಸಿಕೊಂಡು ಮಾರುಕಟ್ಟೆಗೆ ಬಂದಿತು. ಮರುವರ್ಷ ಆಡಿ ಆರ್8 ಕಾರಿನ ಮುಂದೀಪದ ಎಲ್ಲ ಕೆಲಸಗಳನ್ನೂ ಎಲ್.ಇ.ಡಿ.ಗೆ ಒಪ್ಪಿಸಿದರು. ಇವೆರಡರಲ್ಲೂ ದೀಪದ ಕನ್ನಡಿ ಮಸೂರಗಳನ್ನು ಎಲ್.ಇ.ಡಿ.ಗಾಗಿಯೇ ಹೊಸದಾಗಿ ರಚಿಸಿದ್ದರೆಂಬುದನ್ನು ಗಮನಿಸಬೇಕು. ಇಂದಿನ ಹೊಸ ಕಾರುಗಳಲ್ಲಿ ತಯಾರಕರೇ ಇಟ್ಟುಕೊಡುವ ಎಲ್.ಇ.ಡಿ. ದೀಪಗಳ ವಿಚಾರದಲ್ಲಿ ನಮ್ಮ ಆಕ್ಷೇಪವೇನೂ ಇಲ್ಲ. ನಮ್ಮ ಪ್ರಶ್ನೆಯು ತಂತುವಿಗಾಗಿ ಮಾಡಿದ ಮನೆಯಲ್ಲಿ ಎಲ್.ಇ.ಡಿ.ಯನ್ನು ಬಾಡಿಗೆಗೆ ಇಡುವುದರ ಬಗ್ಗೆ.

ಆ ಬಾಡಿಗೆದಾರನು ಹಳೆಯವನಂತೆ ನಡೆದುಕೊಳ್ಳುವುದಿಲ್ಲ. ಸುರುಳಿಯಾದ ತಂತು ತನ್ನ ಅಕ್ಷದ ಸುತ್ತಲೂ ಎಲ್ಲ ದಿಕ್ಕುಗಳಿಗೂ ಸಮನಾಗಿ ಬೆಳಕನ್ನು ಚೆಲ್ಲುತ್ತದೆ. ಎಲ್.ಇ.ಡಿ. ಚಿಪ್ಪಾದರೋ ಒಂದು ಚಪ್ಪಟೆಯಾದ ತುಣುಕು. ಅದರ ಮುಖದ ನೇರದಲ್ಲಿ ಬೆಳಕು ಹೆಚ್ಚು. ಓರೆಯಾದಂತೆ ಕೋನದ ಕೊಸೈನಿಗೆ ಅನುಸಾರವಾಗಿ ಕುಂದುತ್ತ ಹೋಗಿ ಅಂಚಿನ ದಿಕ್ಕಿನಲ್ಲಿ ಸೊನ್ನೆಯಾಗುತ್ತದೆ. ಹಿಂದುಗಡೆ ಏನೂ ಇಲ್ಲ. ಸುತ್ತಲೂ ಬೆಳಗುವ ತಂತುವನ್ನು ಅನುಕರಿಸುವುದಕ್ಕಾಗಿ ತೆಳುವಾದ ತಾಮ್ರದ ಹಲಗೆಯ ಎರಡು ಕಡೆಗೂ ಚಿಪ್ಪುಗಳನ್ನು ಅಂಟಿಸುತ್ತಾರೆ. ಈಗ ಬೆಳಕಿನ ಆಕರ ಒಂದಲ್ಲ, ಎರಡು. ನಡುವೆ ಹಲಗೆಯ ದಪ್ಪದಷ್ಟು ಅಂತರ. ಹಲಗೆಯು ಎರಡು ಮಿಲಿಮೀಟರು ದಪ್ಪವಿದ್ದರೆ ಎರಡು ಚಿಪ್ಪುಗಳೂ ಅಕ್ಷದಿಂದ ಒಂದೊಂದು ಮಿಲಿಮೀಟರು ಸರಿದಿರುತ್ತವೆ. ಒಂದು ಮಿಲಿಮೀಟರಿನ ಬೆಲೆಯೇನೆಂದು ಮೇಲೆಯೇ ಲೆಕ್ಕ ಹಾಕಿದ್ದೇವೆ. ಬಲ್ಬನ್ನು ಸರಿಯಾದ ಭಂಗಿಯಲ್ಲಿ ಕೂರಿಸಿ ಚಿಪ್ಪುಗಳು ಎಡಕ್ಕೂ ಬಲಕ್ಕೂ ಮುಖಮಾಡುವಂತೆ ಇಟ್ಟರೆ ಕಿರಣಪುಂಜವು ಅಡ್ಡಲಾಗಿ ಹರಡುತ್ತದೆ, ಅಪಾಯ ಕಡಿಮೆ. ಕುಳಿಯಲ್ಲಿ ಅದು ಕೊಂಚ ತಿರುಗಿ ಕೂತರೆ ಒಂದು ಚಿಪ್ಪು ಕೆಳಗಾಗಿ ಇನ್ನೊಂದು ಮೇಲಾಗಿ ಕಡಿತರೇಖೆಯು ಚಿಂದಿಯಾಗುತ್ತದೆ. ದೊನ್ನೆಯ ಬದಲು ಇಟ್ಟಿರುವ ತಗಡಿನ ತುಂಡು ಒರಟಾಗಿದ್ದರೆ ಕನ್ನಡಿಯ ಕೆಳಗಿನ ಅರ್ಧವೂ ಬೆಳಗಿ ಮೇಲ್ಮುಖ ಕಿರಣಗಳನ್ನು ಎಸೆಯತೊಡಗುತ್ತದೆ. ಹಾಸನದ ರಸ್ತೆಯಲ್ಲಿ ಆದುದು ಇದೇ.

ಪ್ರೊಜೆಕ್ಟರ್ ಎಂದು ಕರೆಯಲ್ಪಡುವ ದೀಪಗಳಲ್ಲಿ, ಅಂದರೆ ಗುಂಡಾದ ಮಸೂರವಿರುವವುಗಳಲ್ಲಿ, ಕಡಿತರೇಖೆಯನ್ನು ಬಲ್ಬಿನ ಹೊರಗಿನ ಒಂದು ತಗಡೇ ನಿರ್ಮಿಸುವುದರಿಂದ ಎದುರಿನವರ ಕಣ್ಣಿಗೆ ಅಷ್ಟೊಂದು ಬಾಧೆಯಾಗುವುದಿಲ್ಲ. ಆದರೆ ದೂರಕ್ಕೆ ಹೋಗಬೇಕಾದ ಬೆಳಕು ಅಲ್ಲಿಯೂ ಬದಿಗಳಿಗೆ ಚದುರುವ ಸಂಭವವುಂಟು.

“ಆದರೂ ಬೆಳಕು ಹೆಚ್ಚಾಯಿತಲ್ಲ?” ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೆಚ್ಚಾಗುವುದು ಯಾವುದೆಂಬುದನ್ನು ವಿಂಗಡಿಸಿಕೊಳ್ಳಬೇಕು. ಲ್ಯೂಮೆನ್ ಎಂಬುದು ದೀಪದಿಂದ ಹೊರಬಂದ ಒಟ್ಟು ಬೆಳಕಿನ ಅಳತೆ. ಕ್ಯಾಂಡೆಲ ಎಂಬುದು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಅದು ಎಷ್ಟು ದಟ್ಟವಾಗಿದೆಯೆಂಬುದರ ಅಳತೆ. ಲಕ್ಸ್ ಎಂಬುದು ವಸ್ತುವಿನ ಮೇಲೆ ಬಂದು ಬಿದ್ದ ಬೆಳಕಿನ ಅಳತೆ. ದೂರದ ಹಸುವನ್ನು ನಮಗೆ ತೋರಿಸುವುದು ಆ ದಿಕ್ಕಿನ ಕ್ಯಾಂಡೆಲವೇ ಹೊರತು ಲ್ಯೂಮೆನ್ನಲ್ಲ. ಮಳೆಯ ನೀರು ಮನೆಯ ಮೇಲೆಲ್ಲ ಸುರಿದರೂ ಕೊಡದ ಬಾಯಿಗೆ ಬಿದ್ದಷ್ಟೇ ಕುಡಿಯಲು ಸಿಕ್ಕುವುದು.

ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ಲ್ಯೂಮೆನ್ನಿನ ಅಂಕಿಗಳ ಬಗ್ಗೆಯೂ ಒಂದು ಮಾತು. 40 ವಾಟಿನ ಜೊತೆಗೆ 20,000 ಲ್ಯೂಮೆನ್ ಎಂದು ಬರೆದಿರುವ ಪೆಟ್ಟಿಗೆಯನ್ನು ನಾವು ಕಂಡಿದ್ದೇವೆ. ಎಂದರೆ ಒಂದು ವಾಟಿಗೆ 500 ಲ್ಯೂಮೆನ್. ಕಣ್ಣಿಗೆ ಅತ್ಯಂತ ಪ್ರಿಯವಾದ 555 ನ್ಯಾನೋಮೀಟರಿನ ಹಸಿರು ಬೆಳಕಾಗಿ ಶಕ್ತಿಯೆಲ್ಲವೂ ಒಂದಿಷ್ಟೂ ನಷ್ಟವಿಲ್ಲದೆ ಮಾರ್ಪಟ್ಟರೆ ದೊರೆಯುವ ಗರಿಷ್ಠ ಪ್ರಮಾಣವೇ ವಾಟಿಗೆ 683 ಲ್ಯೂಮೆನ್. ಬಿಳಿಯ ಬೆಳಕಿನಲ್ಲಿ ಕೆಂಪು ನೀಲಿಗಳೂ ಇರಬೇಕಾದುದರಿಂದ ಈ ಮಿತಿಯು ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಹೀಗಿರಲು ಆ ಪೆಟ್ಟಿಗೆಯ ಬಲ್ಬು ಶಕ್ತಿಯ ನಿತ್ಯತ್ವ ನಿಯಮವನ್ನೇ ಸುಳ್ಳು ಮಾಡಬೇಕಾಗುತ್ತದೆ! ಒಳ್ಳೆಯ ಎಲ್.ಇ.ಡಿ. ಬಲ್ಬು ವಾಟಿಗೆ ನೂರು ಲ್ಯೂಮೆನ್ನಿನಂತೆ 20 ವಾಟಿನಲ್ಲಿ 2000 ಲ್ಯೂಮೆನ್ ಕೊಟ್ಟರೆ ಅದು ಪ್ರಶಂಸನೀಯವೇ. ಎಚ್4 ಹ್ಯಾಲೋಜನ್ನಿನ ಡಿಮ್ ತಂತುವಿನಿಂದ 13.2 ವೋಲ್ಟಿನಲ್ಲಿ ನಿಯಮದಂತೆ ಹೊರಬರುವುದು ಸುಮಾರು 1000 ಲ್ಯೂಮೆನ್, ಹೈಬೀಮಿನಿಂದ 1650.

ಕಣ್ಣು ಕೂಡ ನಮ್ಮನ್ನು ಮೋಸಗೊಳಿಸುತ್ತದೆ. ಎಲ್.ಇ.ಡಿ. ಹಾಕಿದ ಕೂಡಲೇ ಕಾರಿನ ಮುಂದಿನ ಹತ್ತು ಹದಿನೈದು ಮೀಟರು ರಸ್ತೆ ಬೆಳ್ಳಗೆ ಬೆಳಗುತ್ತದೆ, ಚಾಲಕನಿಗೆ ಮಹದಾನಂದವಾಗುತ್ತದೆ. ಆದರೆ ಹತ್ತಿರದ ಆ ಪ್ರಕಾಶಕ್ಕೆ ಕಣ್ಣಿನ ಪಾಪೆ ಕುಗ್ಗುತ್ತದೆ, ಅಕ್ಷಿಪಟವು ಬೆಳಕಿಗೆ ಒಗ್ಗಿಕೊಳ್ಳುತ್ತದೆ. ಅರುವತ್ತು ಮೀಟರು ದೂರದಲ್ಲಿ, ಕತ್ತಲೆಯ ಅಂಚಿನಲ್ಲಿ ಕಪ್ಪು ಕಂಬಳಿ ಹೊದ್ದು ನಡೆಯುತ್ತಿರುವವನು ಮೊದಲಿಗಿಂತ ಚೆನ್ನಾಗಿ ಕಾಣುತ್ತಾನೆಂದು ಹೇಳಲಾಗುವುದಿಲ್ಲ. ಎದುರಿನ ಚಾಲಕನ ಗತಿ ಇನ್ನೂ ಕಷ್ಟ. ಅವನ ಕಣ್ಣಿನೊಳಗೆ ಬಿದ್ದ ತೀವ್ರವಾದ ಬೆಳಕು ಕಣ್ಣಿನ ಮಸೂರದಲ್ಲಿ ಚದುರಿ, ಅಕ್ಷಿಪಟದ ಮೇಲೆಲ್ಲ ಒಂದು ಮುಸುಕಿನಂತೆ ಹರಡಿ, ಮಂದವಾದ ಬಿಂಬಗಳನ್ನು ಮುಚ್ಚಿಬಿಡುತ್ತದೆ. ವಯಸ್ಸಾದಂತೆ ಮಸೂರವು ಮಬ್ಬಾಗುವುದರಿಂದ ಹಿರಿಯರಿಗೆ ಈ ತೊಂದರೆ ಹೆಚ್ಚು. ನೀಲಿಯ ಅಂಶ ಅಧಿಕವಾಗಿರುವ ಬೆಳಕು ಸಮಪ್ರಮಾಣದ ಹಳದಿ ಬೆಳಕಿಗಿಂತ ಕಣ್ಣಿಗೆ ಹೆಚ್ಚು ಚುಚ್ಚುವುದೆಂಬುದೂ ಅನುಭವಸಿದ್ಧವಾದ ಸಂಗತಿ.

ಇಲ್ಲಿ ಪ್ರಾಸಂಗಿಕವಾಗಿ ಒಂದು ತಪ್ಪು ನಂಬಿಕೆಯನ್ನು ತಿದ್ದಬಹುದು. ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ, ಆಕಾಶ ನೀಲಿಯಾಗಿರುವುದಕ್ಕೆ ಕಾರಣವಾದ ರ‍್ಯಾಲೆಯ ಚದುರಿಕೆಯೇ ಇದಕ್ಕೂ ಕಾರಣ ಎಂದು ಹಲವರು ಹೇಳುವುದುಂಟು. ರ‍್ಯಾಲೆಯ ನಿಯಮವು ಬೆಳಕಿನ ಅಲೆಗಿಂತ ಬಹಳ ಚಿಕ್ಕದಾದ ಕಣಗಳಿಗೆ ಅನ್ವಯಿಸತಕ್ಕದ್ದು. ಮಡಿಕೇರಿಯ ಮಂಜಿನ ಹನಿಯಾದರೂ ಅಷ್ಟೆ, ಆಗುಂಬೆಯದಾದರೂ ಅಷ್ಟೆ, ಅಲೆಯುದ್ದಕ್ಕಿಂತ ಹತ್ತಾರು ಪಾಲು ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರಿಸುತ್ತದೆ. ಮಂಜು ಬೆಳ್ಳಗಿರುವುದೇ ಇದಕ್ಕೆ ಸಾಕ್ಷಿ. ಮಂಜಿನಲ್ಲಿ ಉಪಯೋಗಕ್ಕೆ ಬರುವುದು ದೀಪದ ಬಣ್ಣವಲ್ಲ, ಬೆಳಕು ಮೇಲಕ್ಕೆ ಹೋಗದಂತೆ ತಡೆಯುವ ಕಡಿತರೇಖೆ.

ಇನ್ನು ಶಾಖದ ಪ್ರಶ್ನೆ. ಎಲ್.ಇ.ಡಿ. ‘ತಣ್ಣನೆಯ ಬೆಳಕು’ ಎಂಬುದು ಅರ್ಧ ಸತ್ಯ. ಅದರ ಕಿರಣಗಳಲ್ಲಿ ಅತಿರಕ್ತವಿಲ್ಲ. ಮುಂದೆ ಕೈಹಿಡಿದರೆ ಬಿಸಿ ತಟ್ಟುವುದಿಲ್ಲ. ಆದರೆ 20 ವಾಟಿನಲ್ಲಿ ಮೂರನೆಯ ಒಂದು ಪಾಲು ಬೆಳಕಾದರೆ ಉಳಿದ 13 ವಾಟು ಕೆಲವೇ ಚದರ ಮಿಲಿಮೀಟರುಗಳ ಚಿಪ್ಪಿನೊಳಗೇ ಶಾಖವಾಗಿ ಹುಟ್ಟುತ್ತದೆ. ಹ್ಯಾಲೋಜನ್ನಿನ ಶಾಖವು ವಿಕಿರಣವಾಗಿ ಮುಂದಕ್ಕೆ ಹೊರಟುಹೋಗುತ್ತದೆ. ತಂತುವಿಗೆ ಅದು ಹಿತವೇ. ಎಲ್.ಇ.ಡಿ.ಯ ಶಾಖವನ್ನು ಹಿಂದಕ್ಕೆ ಲೋಹದ ಮೂಲಕ ಎಳೆದುಕೊಂಡು ಹೋಗಬೇಕು. ಅದರ ಸಂಧಿಯು 150 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ತನ್ನ ಸಹನೆಯ ಎಲ್ಲೆಯನ್ನು ಮುಟ್ಟುತ್ತದೆ. ಅದಕ್ಕೆ ಬಹಳ ಮೊದಲೇ ಬೆಳಕು ಕುಂದತೊಡಗುತ್ತದೆ. ಬಲ್ಬಿನ ಹಿಂದೆ ಸಣ್ಣ ಪಂಕವನ್ನೋ ರೆಕ್ಕೆಗಳನ್ನೋ ಇಟ್ಟಿರುವುದು ಇದಕ್ಕಾಗಿ. ಆ ಪಂಕವನ್ನು ದೂಳು ಬಾರದಂತೆ ರಬ್ಬರಿನ ಮುಚ್ಚಳದೊಳಗೆ, ಕಾದ ಎಂಜಿನಿನ ಪಕ್ಕದಲ್ಲಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಓಡಿಸಿದರೆ ಅದು ಬೀಸುವುದು ಬಿಸಿಗಾಳಿಯನ್ನೇ. ಅಂಗಡಿಯಲ್ಲಿ ಹೊತ್ತಿಸಿ ತೋರಿಸಿದ ಮೊದಲ ನಿಮಿಷದ ಬೆಳಕಿಗೂ ಅರ್ಧ ಗಂಟೆಯ ನಂತರದ ಬೆಳಕಿಗೂ ಇರುವ ಭೇದ ಇಲ್ಲಿಂದ ಬರುತ್ತದೆ.

ವಿದ್ಯುತ್ತಿನ ತೊಡಕು ಇದಕ್ಕಿಂತ ಚಿಕ್ಕದು. 55 ವಾಟಿನ ತಂತು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರಿಗಿಂತ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ, ಎಲ್.ಇ.ಡಿ. ಎರಡು ಆಂಪಿಯರಿಗೂ ಕಡಿಮೆ. ಕೆಲವು ಕಾರುಗಳ ಗಣಕವು ಇಷ್ಟು ಅಲ್ಪ ಪ್ರವಾಹವನ್ನು ಕಂಡು ಬಲ್ಬು ಸುಟ್ಟುಹೋಗಿದೆಯೆಂದು ತಪ್ಪಾಗಿ ಎಚ್ಚರಿಸುತ್ತದೆ. ಅದನ್ನು ಸುಮ್ಮನಾಗಿಸಲು 6 ಓಮ್ ರೋಧಕವನ್ನು ಪಕ್ಕದಲ್ಲಿ ಜೋಡಿಸುತ್ತಾರೆ. ರೋಧಕವು 24 ವಾಟನ್ನು ನಿರರ್ಥಕವಾಗಿ ಬಿಸಿಯಾಗಿಸಿ ಕಳೆಯುತ್ತದೆ. ಉಳಿತಾಯವಾದ ಶಕ್ತಿಯ ಬಹುಭಾಗ ಅಲ್ಲಿಗೆ ಹೋಯಿತು.

ಸರಿ, ಮಂದವಾದ ದೀಪವುಳ್ಳ ಹಳೆಯ ಕಾರಿನವರು ಮಾಡಬೇಕಾದುದೇನು? ನಮ್ಮ ಅಭಿಪ್ರಾಯದಲ್ಲಿ ಮೊದಲು ವೋಲ್ಟ್‌ಮೀಟರನ್ನು ಕೈಗೆತ್ತಿಕೊಳ್ಳಬೇಕು. ಅನೇಕ ಹಳೆಯ ಕಾರುಗಳಲ್ಲಿ ಎರಡು ದೀಪಗಳ ಒಂಬತ್ತು ಆಂಪಿಯರ್ ಪ್ರವಾಹವೂ ಸ್ಟೀರಿಂಗಿನ ಬಳಿಯ ಸ್ವಿಚ್ಚಿನ ಮೂಲಕವೇ ತೆಳುವಾದ ತಂತಿಗಳಲ್ಲಿ ಹರಿದು ಬರುತ್ತದೆ. ದಾರಿಯಲ್ಲಿ 0.2 ಓಮ್ ಹೆಚ್ಚಿನ ರೋಧವಿದ್ದರೆ 1.8 ವೋಲ್ಟ್ ಅಲ್ಲಿಯೇ ನಷ್ಟ. ದೀಪದ ಬಳಿ 13.2 ವೋಲ್ಟ್ ಇರಬೇಕಾದ ಕಡೆ 11.4 ಉಳಿಯುತ್ತದೆ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. 11.4ನ್ನು 13.2ರಿಂದ ಭಾಗಿಸಿ ಆ ಘಾತಕ್ಕೇರಿಸಿದರೆ ಬರುವುದು 0.6. ನೂರರಲ್ಲಿ ನಲವತ್ತು ಪಾಲು ಬೆಳಕನ್ನು ತಂತಿಗಳೇ ನುಂಗಿಬಿಟ್ಟವು! ಬ್ಯಾಟರಿಯಿಂದ ದಪ್ಪನೆಯ ತಂತಿಯನ್ನೆಳೆದು ಫ್ಯೂಸ್ ಇಟ್ಟು ರಿಲೇಯ ಮೂಲಕ ದೀಪಕ್ಕೆ ಕೊಟ್ಟರೆ, ಸ್ವಿಚ್ಚು ರಿಲೇಯನ್ನು ಮಾತ್ರ ನಡೆಸಿದರೆ ಸಾಕಾಗುತ್ತದೆ. ಕಳೆದುಹೋದ ಬೆಳಕು ಕಡಿತರೇಖೆಯ ಸಹಿತವಾಗಿ ಹಿಂದಿರುಗುತ್ತದೆ. ಬಲ್ಬಿನ ಆಯುಸ್ಸು ಇದರಿಂದ ಕಡಿಮೆಯಾಗುವುದು ನಿಜ. ವೋಲ್ಟೇಜು ನೂರಕ್ಕೆ ಐದರಷ್ಟು ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಹಳದಿಯಾಗಿ ಮಬ್ಬುಗವಿದ ಪ್ಲಾಸ್ಟಿಕ್ ಮುಚ್ಚಳವನ್ನು ಉಜ್ಜಿ ಹೊಳಪು ಮಾಡಿಸುವುದೂ ಅಷ್ಟೇ ಅವಶ್ಯಕ. ಮಬ್ಬಾದ ಮುಚ್ಚಳವು ಬೆಳಕನ್ನು ಚದುರಿಸಿ, ಹ್ಯಾಲೋಜನ್ನಿನಿಂದಲೂ ಎದುರಿನವರ ಕಣ್ಣು ಕುಕ್ಕುವಂತೆ ಮಾಡಬಲ್ಲುದು.

ಎಲ್.ಇ.ಡಿ. ಬಲ್ಬು ಎಂದೆಂದಿಗೂ ಹೊಂದಲಾರದೆಂದು ನಾವು ಹೇಳುವುದಿಲ್ಲ. 2020ರಲ್ಲಿ ಜರ್ಮನಿಯಲ್ಲಿ ಓಸ್ರಾಂ ಸಂಸ್ಥೆಯ ಒಂದು ಬಲ್ಬಿಗೆ ರಸ್ತೆಯ ಮೇಲೆ ಬಳಸಲು ಅಧಿಕೃತ ಅನುಮತಿ ಸಿಕ್ಕಿತು. ಆ ಅನುಮತಿಯು ಎಲ್ಲ ಕಾರುಗಳಿಗೂ ಅಲ್ಲ. ಪರೀಕ್ಷೆಗೊಳಗಾಗಿ ಪಟ್ಟಿಯಲ್ಲಿ ಸೇರಿದ ಮಾದರಿಗಳಿಗೆ ಮಾತ್ರ. ಅಂದರೆ ಬಲ್ಬನ್ನಲ್ಲ, ಬಲ್ಬು ಮತ್ತು ಪ್ರತಿಫಲಕಗಳ ಜೋಡಿಯನ್ನು ಪರೀಕ್ಷಿಸಿದರು. ನಮ್ಮಲ್ಲಿ 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಿರ್ದೇಶಿಸಿದುದಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್.ಇ.ಡಿ. ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೂ ಕೈಗೊಂಡರು.

ದಂಡವನ್ನು ಕೊಟ್ಟು ಪಾಠ ಕಲಿಯುವ ಬದಲು ಗೋಡೆಯಿಂದ ಕಲಿಯಬಹುದು. ಸಮನಾದ ನೆಲದ ಮೇಲೆ ಬಿಳಿಯ ಗೋಡೆಯೊಂದರಿಂದ ಹತ್ತು ಮೀಟರು ದೂರದಲ್ಲಿ ಕಾರನ್ನು ನೇರವಾಗಿ ನಿಲ್ಲಿಸಿ. ದೀಪದ ನಡುವಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ; ಅದಕ್ಕಿಂತ 10 ಸೆಂಟಿಮೀಟರು ಕೆಳಗೆ ಇನ್ನೊಂದು. ಒಂದು ದೀಪವನ್ನು ಬಟ್ಟೆಯಿಂದ ಮುಚ್ಚಿ, ಇನ್ನೊಂದನ್ನು ಡಿಮ್ಮಿನಲ್ಲಿ ಹೊತ್ತಿಸಿ ನೋಡಿ. ಹ್ಯಾಲೋಜನ್ ಬಲ್ಬು ಬಹಳ ಬೇಗ ಕಾಯುವುದರಿಂದ ಬಟ್ಟೆಯನ್ನು ಹೊತ್ತದ ದೀಪದ ಮೇಲೆಯೇ ಹಾಕಬೇಕು, ಅಥವಾ ರಟ್ಟನ್ನು ದೂರ ಹಿಡಿಯಬೇಕು. ಕಡಿತರೇಖೆಯು ಕೆಳಗಿನ ಗೆರೆಯ ಮೇಲೆ ಬಂದು ಎಡಬದಿಯಲ್ಲಿ ಓರೆಯಾಗಿ ಏರಿದರೆ ಎಲ್ಲವೂ ಸರಿಯಾಗಿದೆಯೆಂದರ್ಥ. ನಮ್ಮ ಕಾಲೇಜಿನ ಹಿಂದಿನ ಗೋಡೆಯ ಮೇಲೆ ಹ್ಯಾಲೋಜನ್ ಈ ಚಿತ್ರವನ್ನು ತುಸು ಮಂಕಾಗಿ, ಆದರೆ ಸ್ಪಷ್ಟವಾಗಿ ಬರೆಯಿತು. ಎಲ್.ಇ.ಡಿ. ಬಲ್ಬನ್ನು ಹಾಕಿದಾಗ ಗೆರೆಯೇ ಕಾಣಲಿಲ್ಲ. ಮೇಲಣ ಕಿಟಕಿಯವರೆಗೂ ಬೆಳಕಿನ ಎರಡು ತೇಪೆಗಳು ಹಬ್ಬಿದ್ದವು. ಜೊತೆಯಲ್ಲಿದ್ದ ವಿದ್ಯಾರ್ಥಿಯೊಬ್ಬನು ಗೋಡೆಯ ಬಳಿ ಹೋಗಿ ನಿಂತು ದೀಪದ ಕಡೆಗೆ ನೋಡಿದವನೇ ಮುಖವನ್ನು ತಿರುಗಿಸಿಕೊಂಡನು.

ಈಗ ಆ ಕಾರಿನಲ್ಲಿ ಹ್ಯಾಲೋಜನ್ ಬಲ್ಬೂ ಒಂದು ರಿಲೇಯೂ ಇವೆ. ಎಲ್.ಇ.ಡಿ. ಬಲ್ಬುಗಳು ಪ್ರಯೋಗಶಾಲೆಯ ಕಪಾಟಿನಲ್ಲಿವೆ. ಹಳೆಯ ಸಿ.ಡಿ. ತಟ್ಟೆಯೊಂದನ್ನು ಓರೆಯಾಗಿ ಹಿಡಿದು, ಕಿರಿದಾದ ಸೀಳಿನ ಮೂಲಕ ಬರುವ ಎರಡೂ ಬಲ್ಬುಗಳ ಬೆಳಕನ್ನು ಒಂದಾದ ಮೇಲೊಂದರಂತೆ ನೋಡುವುದು ಎರಡನೆಯ ವರ್ಷದ ತರಗತಿಯವರಿಗೆ ಒಂದು ಪ್ರಯೋಗವಾಗಿದೆ. ಹ್ಯಾಲೋಜನ್ನಿನ ವರ್ಣಪಟಲವು ಕೆಂಪಿನಿಂದ ನೇರಿಳೆಯವರೆಗೆ ಎಲ್ಲಿಯೂ ಕಡಿಯದೆ, ಮಂದವಾಗುತ್ತ ಸಾಗುತ್ತದೆ. ಎಲ್.ಇ.ಡಿ.ಯದರಲ್ಲಿ ಪ್ರಖರವಾದ ನೀಲಿಯ ಒಂದು ಪಟ್ಟೆ. ಅದಕ್ಕೂ ಹಸಿರಿಗೂ ನಡುವೆ, 480 ನ್ಯಾನೋಮೀಟರಿನ ಸುತ್ತಮುತ್ತ, ಒಂದು ಮಬ್ಬಾದ ಕಣಿವೆ. ಆಚೆಗೆ ಫಾಸ್ಫರಿನ ಅಗಲವಾದ ಹಳದಿ ಗುಡ್ಡ.